ನಿಶಾನೆ ಬಿದ್ದ ಚೀಟಿ

“ಸರ್, ಕ್ರಿಪ್ಟೋ ಕಾನೂನನ್ನೇ ಹಿಡಿಯೋಣ ಅಂತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇನ್ನೂ ಯಾರೂ ಇಲ್ಲ. ಅದರಲ್ಲಿ ಮೇಲೆ ಬರಬೇಕಾದರೆ ಏನೇನು ಓದಬೇಕು?” ಎಂದು ಕಿರಿಯ ವಕೀಲೆ ತೇಜಾವತಿ ಕೇಳಿದಳು.

“ಓದುವುದಕ್ಕೇನಮ್ಮ, ಬೇಕಾದಷ್ಟಿದೆ. ಮೊದಲು ಒಂದು ಕತೆ ಕೇಳು,” ಎಂದರು ಅವಳ ಗುರು, ಹಿರಿಯ ವಕೀಲ ಪಾಲಾಕ್ಷಯ್ಯನವರು.

ಒಂದೂರಿನಲ್ಲಿ ಒಬ್ಬ ವಕೀಲನಿದ್ದ. ಇಪ್ಪತ್ತು ವರ್ಷ ಜಮೀನಿನ ದಾವೆ, ಪಾಲಿನ ದಾವೆ ನಡೆಸಿ ಅವನಿಗೆ ಬೇಸರ ಬಂದಿತ್ತು. ಆಗ ಈ ಕ್ರಿಪ್ಟೋ ನಾಣ್ಯ, ಅದರ ಲೆಕ್ಕವಿಡುವ ಬ್ಲಾಕ್‌ಚೈನ್ ಬಂತು. ಅವನು ಓದಿದ. ಸುಮ್ಮನೆ ಹೇಳಬಾರದು, ಚೆನ್ನಾಗಿಯೇ ಓದಿದ. ವಕೀಲರ ಸಂಘದಲ್ಲಿ ಭಾಷಣ ಮಾಡಿದರೆ ಕಾಫಿಗೆಂದು ಬಂದವರೂ ಕೂತು ಕೇಳುತ್ತಿದ್ದರು. ಪತ್ರಿಕೆಗೂ ಬರೆದ. ‘ಈ ನಾಣ್ಯಕ್ಕೆ ಬ್ಯಾಂಕಿಲ್ಲ, ಪಾಸ್‌ಬುಕ್ಕಿಲ್ಲ. ಹನ್ನೆರಡು ಗುಪ್ತ ಪದಗಳಿರುತ್ತವೆ. ಅವು ಯಾರಿಗೆ ಗೊತ್ತೋ ನಾಣ್ಯ ಅವರ ಕೈಯಲ್ಲಿ. ಒಡಹುಟ್ಟಿದವರಿಗೂ ತೋರಿಸಬೇಡಿ, ವಕೀಲರಿಗೂ ತೋರಿಸಬೇಡಿ’ ಎಂದು ಬರೆದವನು ಅವನೇ.

ಅದನ್ನು ಓದಿ ಒಬ್ಬ ವಿಧವೆ ಅವನನ್ನು ಹುಡುಕಿಕೊಂಡು ಬಂದಳು. ಅವಳ ಗಂಡ ತನ್ನ ಫೋಟೋ ಸ್ಟುಡಿಯೋ ಮಾರಿ, ಬಂದದ್ದನ್ನೆಲ್ಲ ಕ್ರಿಪ್ಟೋಗೆ ಹಾಕಿ, ಆ ಪದಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ತೀರಿಕೊಂಡಿದ್ದ. ಅವಳಿಗೆ ಬದುಕಲು ಇದ್ದದ್ದು ಅದೊಂದೇ. ಗಂಡನ ಅಣ್ಣ ತನಗೂ ಪಾಲು ಬೇಕೆಂದು ತಗಾದೆ ತೆಗೆದಿದ್ದ.

ವಕೀಲ ದಾವೆ ಹೂಡಿದ. ತೀರ್ಪು ಬರುವವರೆಗೆ ನಾಣ್ಯವನ್ನು ಯಾರೂ ಮುಟ್ಟಕೂಡದೆಂದು ನ್ಯಾಯಾಲಯ ಆದೇಶಿಸಿತು. ಸಾಕ್ಷ್ಯದ ದಿನ ವಕೀಲ ಆ ಚೀಟಿಯನ್ನು ಹಾಜರುಪಡಿಸಿದ. ಅದಕ್ಕೆ ನಿಶಾನೆ ಪಿ-4 ಎಂದು ಗುರುತು ಬಿತ್ತು. ಎದುರು ಪಕ್ಷಕ್ಕೆ ಒಂದು ನಕಲು ಹೋಯಿತು. ಕಡತ ಮೇಜಿನಿಂದ ಮೇಜಿಗೆ ಓಡಾಡಿತು.

ದಾವೆ ನಾಲ್ಕು ವರ್ಷ ನಡೆಯಿತು. ಮುಟ್ಟಬಾರದೆಂದಿತ್ತೇ ಹೊರತು ನೋಡಬಾರದೆಂದೇನೂ ಇರಲಿಲ್ಲ. ಬ್ಲಾಕ್‌ಚೈನಿನ ಲೆಕ್ಕ ಲೋಕಕ್ಕೆಲ್ಲ ತೆರೆದದ್ದು, ಫೋನಿನಲ್ಲೇ ಕಾಣುತ್ತದೆ. ವಕೀಲ ನೋಡಲಿಲ್ಲ. ವಾದ ಬರೆಯುವುದರಲ್ಲೇ ಮುಳುಗಿಹೋಗಿದ್ದ. ಎಂಥ ವಾದ ಅಂತೀಯ! ನ್ಯಾಯಾಧೀಶರೇ ತಲೆದೂಗಿದರು.

ಎಲ್ಲವೂ ವಿಧವೆಯದೇ ಎಂದು ಡಿಕ್ರಿಯಾಯಿತು. ಅವಳು ಪೇಡದ ಪೊಟ್ಟಣ ಹಿಡಿದು ಬಂದಳು. ವಕೀಲ ಲ್ಯಾಪ್‌ಟಾಪ್ ತೆರೆದು, ಪದಗಳನ್ನು ಒಂದೊಂದಾಗಿ ಒತ್ತಿದ. ಒಳಗೆ ಏನೂ ಇರಲಿಲ್ಲ. ಚೀಟಿಗೆ ಗುರುತು ಬಿದ್ದ ಮೂರನೆಯ ದಿನ, ಮಧ್ಯಾಹ್ನ ಎರಡೂ ಹತ್ತಕ್ಕೆ, ಅಷ್ಟೂ ಹೊರಟುಹೋಗಿತ್ತು. ಹೋದ ಹೊತ್ತು ಬರೆದಿತ್ತು. ಒಯ್ದವರ ಹೆಸರು ಬರೆದಿರಲಿಲ್ಲ. ಚೀಟಿ ಯಾರ ಯಾರ ಕೈ ದಾಟಿತ್ತೆಂದು ನೆನಪಿಸಿಕೊಳ್ಳಲು ಹೋಗಿ ಅವನು ಅರ್ಧಕ್ಕೇ ಬಿಟ್ಟ.

“ಯಾರಿಗೂ ತೋರಿಸಬಾರದು ಅಂತ ನಿಮಗೆ ಗೊತ್ತಿರಲಿಲ್ವಾ ಸ್ವಾಮಿ?”

“ಗೊತ್ತಿತ್ತು ತಾಯಿ. ನಾನೇ ಬರೆದಿದ್ದೆನಲ್ಲ.”

“ಮತ್ತೆ ಯಾಕೆ ಕೊಟ್ರಿ?”

“ದಾಖಲೆ ಅಂದಮೇಲೆ ಹಾಜರುಪಡಿಸಬೇಕು. ಇಪ್ಪತ್ತು ವರ್ಷದ ರೂಢಿ. ಬೇರೆ ಯೋಚನೆಯೇ ಬರಲಿಲ್ಲ.”

ಅವಳು ಡಿಕ್ರಿಯ ನಕಲನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದನ್ನ ಈಗ ಯಾರ ಮೇಲೆ ಜಾರಿ ಮಾಡಿಸಲಿ?” ಎಂದಳು. ಅವಳು ನಕಲನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದುಹೋದಳು.

ತೇಜಾವತಿ ಕೇಳಿದಳು: “ಅಲ್ಲಿಗೆ ಆ ವಕೀಲರು ಈ ಕಾನೂನಿನ ಸಹವಾಸ ಬಿಟ್ಟಿರಬೇಕು, ಅಲ್ವಾ ಸರ್?”

“ಯಾಕೆ ಬಿಡುತ್ತಾನಮ್ಮ? ಹೊರಗಿನ ಊರುಗಳಿಂದೆಲ್ಲ ಕರೆ ಬರುತ್ತಿದೆ. ತೀರ್ಪಿನಲ್ಲಿ ಅವನು ಗೆದ್ದಿದ್ದಾನಲ್ಲ.”