ಅಂಗಡಿಗೆ ಇಟ್ಟ ಹೆಸರು

“ಬುದ್ಧಿ, ಪರದೇಶದಲ್ಲಿ ವ್ಯಾಪಾರ ಶುರು ಮಾಡಬೇಕೆಂದಿದ್ದೇನೆ. ನನ್ನೊಬ್ಬನ ಹೆಸರಿನಲ್ಲೇ ಮಾಡಲೋ, ಪಾಲುದಾರರನ್ನು ಕೂಡಿಸಿಕೊಳ್ಳಲೋ, ಇಲ್ಲ ಕಂಪನಿ ಕಟ್ಟಲೋ? ಯಾವುದರಲ್ಲಿ ನನ್ನ ಮನೆ ಉಳಿಯುತ್ತದೆ?”

ಕೇಳಿದವನು ಶಿಷ್ಯ ಕರಿಬಸವ. ಹೊರಡುವ ಮುಂಚೆ ಅವನಿಗೆ ಒಂದು ಉತ್ತರ ಬೇಕಿತ್ತು. ಮಠದ ಗುರುಗಳು ಉತ್ತರ ಬಿಟ್ಟು ಕತೆ ತೆಗೆದರು. ಆಯಿತು ಇನ್ನು, ಅಂದುಕೊಂಡು ಕರಿಬಸವ ಕಾಲು ಮಡಚಿ ಕೂತ.

ಒಬ್ಬ ಹಗ್ಗದ ವ್ಯಾಪಾರಿ ಕಡಲು ದಾಟಿ ಒಂದು ಬಂದರಿಗೆ ಹೋದ. ಯಾವ ಬಂದರು ಎಂದು ಕೇಳಬೇಡ, ಹೋದ ಸಲ ಬೇರೆ ಹೆಸರು ಹೇಳಿದ್ದೆ. ಅಲ್ಲಿಯ ಅಧಿಕಾರಿ ಅವನನ್ನು ಕೂರಿಸಿಕೊಂಡು ಹೇಳಿದ: “ಅಂಗಡಿ ನಿನ್ನೊಬ್ಬನದೇ ಆದರೆ ಅದರ ತಪ್ಪಿಗೆ ನಿನ್ನ ಮನೆಯೂ ಹೊಣೆ. ಪಾಲುದಾರನಿದ್ದರೆ ಅವನ ತಪ್ಪಿಗೂ ನೀನು ಹೊಣೆ. ಕಂಪನಿ ಕಟ್ಟಿದರೆ ಅದು ಬೇರೆಯೇ ಒಬ್ಬ ಮನುಷ್ಯ ಇದ್ದ ಹಾಗೆ. ಅದರ ತಪ್ಪು ಅದಕ್ಕೆ, ನಿನ್ನ ಮನೆ ನಿನಗೆ.”

“ಹಾಗಾದರೆ ಆ ಮನುಷ್ಯನೇ ಇರಲಿ ಸ್ವಾಮಿ.”

“ಇರಲಿ. ಅವನಿಗೊಂದು ಹೆಸರಿಡು.”

ಹುಟ್ಟಿದ ಕೂಸಿಗೆ ತೀರಿಕೊಂಡ ಹಿರಿಯರ ಹೆಸರಿಡುವುದು ನಮ್ಮ ಕಡೆಯ ರೂಢಿ. ವ್ಯಾಪಾರಿ ಹಿಂದೆಮುಂದೆ ನೋಡದೆ ತನ್ನ ತಂದೆಯ ಹೆಸರಿಟ್ಟ. ಚನ್ನಮಲ್ಲಪ್ಪ.

ಹೆಸರು ಕೈಹಿಡಿಯಿತು. ದೋಣಿಯವರೆಲ್ಲ ಚನ್ನಮಲ್ಲಪ್ಪನ ಹಗ್ಗವೇ ಬೇಕು ಎನ್ನತೊಡಗಿದರು. ಬೇಡಿಕೆ ಏರಿದಾಗ ವ್ಯಾಪಾರಿ ಹೊಸ ನಾರಿನ ಜೊತೆ ಹಳೆಯದನ್ನೂ ಸೇರಿಸಿ ಹೊಸೆಯಿಸಿದ. ತಪ್ಪಾದರೆ ಅಂಗಡಿಯದು ತಾನೇ? ಒಂದು ಬಿರುಗಾಳಿಗೆ ಹಗ್ಗ ಹರಿಯಿತು. ಒಬ್ಬ ಮೀನುಗಾರನ ದೋಣಿ ಕಡಲಪಾಲಾಯಿತು.

ವಿಚಾರಣೆ ನಡೆದು ತಪ್ಪು ಅಂಗಡಿಯದೇ ಎಂದಾಯಿತು. ಲಾಭವೆಲ್ಲ ಆಗಲೇ ವ್ಯಾಪಾರಿಯ ಮನೆ ಸೇರಿತ್ತು. ಅಂಗಡಿಯಲ್ಲಿ ಉಳಿದಿದ್ದ ತಕ್ಕಡಿಯನ್ನೂ ಹರಕು ಚಾಪೆಯನ್ನೂ ಮೀನುಗಾರನ ಕೈಗೆ ಕೊಟ್ಟು ಕಳಿಸಿದರು. ವ್ಯಾಪಾರಿಯ ಮನೆಯನ್ನು ಯಾರೂ ಮುಟ್ಟಲಿಲ್ಲ. ಅವನು ಗಂಟು ಕಟ್ಟಿಕೊಂಡು ಊರಿಗೆ ಹೊರಟ ಹಡಗಿನ ಹತ್ತಿರ ಬಂದ.

ಕೆಟ್ಟ ಅಂಗಡಿಯ ಹೆಸರನ್ನು ಡಂಗುರ ಸಾರುವುದು ಆ ಬಂದರಿನ ವಾಡಿಕೆ. ಸಾರುವವನು ಬೀದಿಯುದ್ದಕ್ಕೂ ಕೂಗುತ್ತ ಬಂದ: “ಚನ್ನಮಲ್ಲಪ್ಪ ಮೋಸಗಾರ! ಚನ್ನಮಲ್ಲಪ್ಪನನ್ನು ಯಾರೂ ನಂಬಬೇಡಿ!”

ವ್ಯಾಪಾರಿ ಹಡಗಿನ ಹಲಗೆಯ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದ. ಬದುಕಿದ್ದಷ್ಟು ಕಾಲ ಅವನ ತಂದೆಯನ್ನು ಊರಿನಲ್ಲಿ ಒಬ್ಬರೂ ಏಕವಚನದಲ್ಲಿ ಕರೆದಿರಲಿಲ್ಲ. ಅವನು ನೆಟ್ಟಗೆ ಅಧಿಕಾರಿಯ ಬಳಿಗೆ ಹೋದ. ಮನೆ ಮಾರಿ ದೋಣಿ ಕಟ್ಟಿಸಿಕೊಡುತ್ತೇನೆ, ಡಂಗುರ ನಿಲ್ಲಿಸಿ ಎಂದ.

“ತಲೆಗಿಲೆ ಕೆಟ್ಟಿದೆಯೇನಯ್ಯ? ಅವರು ಬೈಯುತ್ತಿರುವುದು ನಿನ್ನನ್ನಲ್ಲವಲ್ಲ!”

“ನನ್ನನ್ನು ಬೈದಿದ್ದರೆ ಹಡಗು ಹತ್ತುತ್ತಿದ್ದೆ ಸ್ವಾಮಿ.”

ಮನೆ ಹೋಯಿತು. ದೋಣಿ ನೀರಿಗಿಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವನ ಮುಖ ಅರಳಿತ್ತು.

“ತಿಳಿಯಿತು ಬುದ್ಧಿ. ಅವನು ಕಂಪನಿ ಕಟ್ಟಿದ್ದು ಸರಿ, ಹೆಸರಿಟ್ಟದ್ದು ತಪ್ಪು. ನಾನಂತೂ ನನ್ನ ಅಪ್ಪನ ಹೆಸರಿಡುವುದಿಲ್ಲ.”

ಗುರುಗಳು ತಲೆದೂಗಿ ಕೇಳಿದರು: “ಮತ್ತೆ ಯಾರ ಅಪ್ಪನ ಹೆಸರಿಡುತ್ತೀಯಪ್ಪ?”