ನೀರುಕಾಗೆ ರೆಕ್ಕೆ ಬಿಚ್ಚಿ ನಿಂತದ್ದು

ಲೋಕಕ್ಕೆ ಇನ್ನೂ ಹಸಿ ಮಣ್ಣಿನ ವಾಸನೆ ಇದ್ದ ಕಾಲ ಅದು. ಆಗ ಕೆರೆಗಳಿಗೆ ಮಾತು ಬರುತ್ತಿತ್ತು. ಗಾಳಿ ಮನೆಮನೆಗೆ ಹೋಗಿ ಸುದ್ದಿ ಹೇಳುತ್ತಿತ್ತು. ಬಾತುಕೋಳಿ ಇತ್ತು, ಬೆಳ್ಳಕ್ಕಿ ಇತ್ತು, ಮಿಂಚುಳ್ಳಿ ಇತ್ತು. ನೀರುಕಾಗೆ ಮಾತ್ರ ಇರಲಿಲ್ಲ.

ಒಂದು ದೊಡ್ಡ ಕೆರೆ. ಅದರ ಏರಿಯ ಕೆಳಗೆ ಒಂದು ಚಿಕ್ಕ ಊರು. ಊರಿನವರು ಕೆರೆಯನ್ನು ಅವ್ವ ಎಂದು ಕರೆಯುತ್ತಿದ್ದರು. ಬಾಯಲ್ಲಿ ಅವ್ವ ಅಂದು ಸುಮ್ಮನಾಗುವ ಜನ ಅವರಲ್ಲ. ಬೇಸಿಗೆ ಬಂತೆಂದರೆ ಮನೆಗೊಬ್ಬರು ಮಂಕರಿ ಹಿಡಿದು ಹೂಳು ಹೊರುತ್ತಿದ್ದರು. ದನ ತೊಳೆಯುವುದು ಕೋಡಿಯ ಆಚೆಗೆ. ಕುಡಿಯುವ ನೀರಿನ ಕಡೆ ಯಾವನಾದರೂ ಉಗುಳಿದನೋ, ಹಿಂಡಿಸಿಕೊಂಡು ಅವನ ಕಿವಿ ಕೆಂಪಾಗುತ್ತಿತ್ತು.

ಅವ್ವನಿಗೂ ಊರಿಗೂ ಒಂದು ಮಾತಾಗಿತ್ತು. ಕೆರೆಯಿಂದ ಮೀನು ತೆಗೆಯಲಿ, ತಾವರೆ ಗೆಡ್ಡೆ ತೆಗೆಯಲಿ, ಜೊಂಡು ಕೊಯ್ಯಲಿ, ಮನೆಗೆ ಹೋಗುವ ಮೊದಲು ತೂಬಿನ ಹತ್ತಿರದ ಚಪ್ಪಟೆ ಬಂಡೆಯ ಮೇಲೆ ನಿಲ್ಲಬೇಕು. ಹೊದ್ದ ಕಂಬಳಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿಯಬೇಕು.

"ಇಷ್ಟೇ ನೋಡವ್ವ" ಅನ್ನಬೇಕು.

ಕೆರೆ ನೋಡುತ್ತಿತ್ತು. "ಹೂಂ, ಹೋಗಿ ಉಣ್ಣು" ಅನ್ನುತ್ತಿತ್ತು.

ಮೃಗಶಿರ ಮಳೆ ಬಿದ್ದಾಗ ಇನ್ನೊಂದು ಕಟ್ಟುಪಾಡು. ಆಗ ಮೀನುಗಳ ಹೊಟ್ಟೆಯ ತುಂಬ ತತ್ತಿ. ತತ್ತಿ ತುಂಬಿದ ಮೀನು ಬಲೆಗೆ ಬಿದ್ದರೆ ಹಾಗೆಯೇ ನೀರಿಗೆ ಬಿಟ್ಟುಬಿಡಬೇಕು. ಬಡವ, ಬಲ್ಲಿದ, ಎಲ್ಲರಿಗೂ ಅದೇ ಕಟ್ಟು.

ಆ ಊರಲ್ಲಿ ದ್ಯಾವಕ್ಕ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಬಲೆ ಬೀಸಲು ನಿಂತಳೆಂದರೆ ಗಂಡಸರು ಪಕ್ಕಕ್ಕೆ ಸರಿದು ನೋಡಬೇಕು, ಅಂಥ ಗಟ್ಟಿಗಿತ್ತಿ. ಅವಳಿಗೆ ಒಬ್ಬಳೇ ಮಗಳು, ಹೊನ್ನಿ. ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಏನು ತಿಂದರೂ ವಾಂತಿ. ಕಣ್ಣು ಒಳಗೆ ಹೋಗಿ, ಕೈಕಾಲು ಕಡ್ಡಿಯಾಗಿದ್ದವು.

"ಅವ್ವಾ, ತತ್ತಿ ಮೀನಿನ ಸಾರು ತಿನ್ಬೇಕು ಅನ್ನಿಸ್ತಾ ಐತೆ," ಅಂದಳು ಹೊನ್ನಿ.

"ಬ್ಯಾಡ ಕಣವ್ವ. ಬ್ಯಾರೆ ಏನಾರ ಕೇಳು."

"ಬ್ಯಾರೆ ಏನೂ ಗಂಟಲಲ್ಲಿ ಇಳೀತಿಲ್ವಲ್ಲ, ನಾನೇನ್ ಮಾಡ್ಲಿ?"

ಹೆತ್ತ ಕರುಳು. ಎಷ್ಟು ಹೊತ್ತು ಬೇಡ ಅಂದೀತು, ಹೇಳಿ?

ಮುಸ್ಸಂಜೆ. ಮೃಗಶಿರ ಮಳೆ ಜಿನುಗುತ್ತಿತ್ತು. ದ್ಯಾವಕ್ಕನ ಬಲೆಗೆ ಒಂದು ಗೆಂಡೆಮೀನು ಬಿತ್ತು. ಹೊಟ್ಟೆ ಉಬ್ಬಿಕೊಂಡಿತ್ತು. ಅದು ಅವಳನ್ನೇ ನೋಡಿತು.

"ಬಿಡು ತಾಯಿ. ನಾನೂ ಬಸುರಿ," ಅಂದಿತು.

ದ್ಯಾವಕ್ಕ ಕಣ್ಣು ಬೇರೆ ಕಡೆ ತಿರುಗಿಸಿದಳು. ಮೀನನ್ನು ಕಂಕುಳಿಗೆ ಸೇರಿಸಿ ಮೇಲೆ ಕಂಬಳಿ ಎಳೆದುಕೊಂಡಳು. ಬಂಡೆ ಹತ್ತಿದಳು, ಆದರೆ ಕಂಬಳಿ ಬಿಚ್ಚಲಿಲ್ಲ.

"ಚಳಿ ಕಣವ್ವ. ಇವತ್ತು ಏನೂ ಸಿಕ್ಕಿಲ್ಲ."

ಕೆರೆ ಹೂಂ ಅನ್ನಲಿಲ್ಲ. ಊಹೂಂ ಅನ್ನಲೂ ಇಲ್ಲ. ಮಳೆ ಬೀಳುತ್ತಲೇ ಇತ್ತು, ನೀರಿನ ಮೇಲೆ ಮಾತ್ರ ಒಂದು ಹನಿಯ ಉಂಗುರವೂ ಏಳಲಿಲ್ಲ.

ತೂಬಿನ ಹತ್ತಿರ ನೀರಗಂಟಿ ಮೂಡಲಯ್ಯ ನಿಂತಿದ್ದ. ತೂಬು ತೆಗೆದು ಊರಿಗೆ ನೀರು ಹಂಚುವವನು ಅವನೇ. ಪಾಪ, ಅವನಿಗೇನು ಗೊತ್ತು! "ಬಿರ್ನೆ ಹೋಗಕ್ಕ, ನೆಂದೀಯ," ಅಂದ.

ಹೊನ್ನಿ ಬಟ್ಟಲು ತುಂಬ ಸಾರು ಉಂಡಳು. ಎಷ್ಟೋ ದಿನದ ಮೇಲೆ ನಗುತ್ತಾ ಮಲಗಿದಳು. ದ್ಯಾವಕ್ಕ ಗಡಿಗೆ ತೊಳೆದಳು. ತೊಳೆದಷ್ಟೂ ತಳದಲ್ಲಿ ಮೀನಿನ ಹುರುಪೆ ಹೊಳೆಯುತ್ತಿತ್ತು. ಮತ್ತೆ ತೊಳೆದಳು, ಮತ್ತೆ ಹೊಳೆಯಿತು.

ಬೆಳಗಾಯಿತು. ಮಳೆಗಾಲದಲ್ಲೂ ಒಂದು ಕಪ್ಪೆಯೂ ವಟಗುಟ್ಟಲಿಲ್ಲ. ದ್ಯಾವಕ್ಕ ಬಿಂದಿಗೆ ಹಿಡಿದು ಕೆರೆಗೆ ಬಂದು ನೀರಿಗೆ ಬಗ್ಗಿದಳು. ನೀರಲ್ಲಿ ಮೋಡ ಕಂಡಿತು. ಬಿಂದಿಗೆ ಕಂಡಿತು. ಬಿಂದಿಗೆ ಹಿಡಿದವಳು ಕಾಣಲಿಲ್ಲ.

ನೀರಿಗೆಂದು ಬಂದು ಪಕ್ಕದಲ್ಲಿ ಬಗ್ಗಿದ್ದ ಇನ್ನೊಬ್ಬಳೂ ಕಾಣಲಿಲ್ಲ. ಅವಳು ಚಿಟ್ಟನೆ ಚೀರಿದಳು. ಊರೆಲ್ಲ ಏರಿಯ ಮೇಲೆ ಓಡಿ ಬಂದು ಬಗ್ಗಿ ಬಗ್ಗಿ ನೋಡಿತು. ಅಷ್ಟು ಜನರಲ್ಲಿ ಒಬ್ಬರ ಮುಖವೂ ನೀರಿನಲ್ಲಿ ಇರಲಿಲ್ಲ.

ದ್ಯಾವಕ್ಕ ಮನೆಗೆ ಓಡಿದಳು. ಹೊನ್ನಿ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕೈ ಹೊಟ್ಟೆಯ ಮೇಲೆ.

"ಅವ್ವಾ, ಕೂಸು ಒದೀತಿಲ್ಲ."

ದ್ಯಾವಕ್ಕ ಮುಟ್ಟಿ ನೋಡಿದಳು. ಹೊಟ್ಟೆ ನೀರೊಳಗಿನ ಕಲ್ಲಿನ ಹಾಗೆ ತಣ್ಣಗಿತ್ತು.

ಗಾಳಿ ಬಂದು ಕದ ತಟ್ಟಿತು. "ಬಾ ದ್ಯಾವಕ್ಕ. ಬಂಡೆ ಕಾಯ್ತಾ ಐತೆ," ಅಂದಿತು.

ಏರಿಯ ಮೇಲೆ ಮೂಡಲಯ್ಯ ಕೂಗುತ್ತಿದ್ದ. "ಯಾರೋ ಏನೋ ಬಚ್ಚಿಟ್ಟವ್ರೆ. ಒಬ್ಬೊಬ್ರೇ ಬಿಚ್ಚಿ ತೋರ್ಸಿ!"

ಒಬ್ಬೊಬ್ಬರೇ ಬಂಡೆ ಹತ್ತಿ ಕಂಬಳಿ ಅಗಲಿಸಿದರು. "ಇಷ್ಟೇ ನೋಡವ್ವ." ಕೆರೆ ಮಾತಾಡಲಿಲ್ಲ. "ಇಷ್ಟೇ ನೋಡವ್ವ." ಕೆರೆ ಮಾತಾಡಲಿಲ್ಲ. ಕೊನೆಗೆ ಉಳಿದವಳು ದ್ಯಾವಕ್ಕ. ಅವಳಿಗೆ ಊರಿನ ಮುಂದೆ ಬಾಯಿ ಬಿಡಲು ಭಯವಿತ್ತು, ನಾಚಿಕೆಯೂ ಇತ್ತು. ಆದರೆ ಅಂಗೈಯಲ್ಲಿ ಆ ತಣ್ಣನೆಯ ಹೊಟ್ಟೆ ಇನ್ನೂ ಹಾಗೇ ಇತ್ತು. ಅವಳು ಹತ್ತಿದಳು.

"ನಾನೇ ಕಣವ್ವ. ಮಗಳು ಬಯಸಿದ್ಲು ಅಂತ ತಗೊಂಡೋದೆ."

ಆಗ ಕೆರೆ ಬಾಯಿಬಿಟ್ಟಿತು. ದನಿ ಎಲ್ಲೋ ಹೂಳಿನ ಅಡಿಯಿಂದ ಬಂತು. "ನಿನ್ನ ಮನೆ ಬಸುರಿಗೆ ನನ್ನ ಮನೆ ಬಸುರೀನ ಬೇಯಿಸಿ ಇಕ್ಕಿದೆ."

"ನನ್ ಜೀವ ತಗೋ. ಕೂಸು ಕೊಡು!"

"ನಿನ್ನ ಜೀವ ತಗೊಂಡು ಏನ್ ಮಾಡ್ಲಿ? ನಾನು ಜೀವ ಕೇಳೋಳಲ್ಲ. ಮೀನು ಹೋಗಿದ್ದಕ್ಕೆ ನನಗೆ ಸಂಕಟ ಆಯ್ತು. ಆದ್ರೆ ನೀನು ಕಂಬಳಿ ಮುಚ್ಕೊಂಡು ನನ್ನೆದುರಿಗೆ ನಿಂತೆಯಲ್ಲ, ಅದನ್ನ ತಡಕೊಳ್ಳಕ್ಕೆ ಆಗ್ಲಿಲ್ಲ. ನೀನು ಮುಚ್ಚಿಟ್ಟೆ. ನಾನೂ ಮುಚ್ಚಿಟ್ಟೆ."

ದ್ಯಾವಕ್ಕ ಬಿಕ್ಕಿ ಬಿಕ್ಕಿ ಅತ್ತಳು. "ಹಂಗಾರೆ ಬಿಚ್ತೀನಿ. ಇವತ್ತೂ ಬಿಚ್ತೀನಿ, ನಾಳೆನೂ ಬಿಚ್ತೀನಿ. ಒಂದೊಂದು ಮೀನಿಗೂ ಬಿಚ್ತೀನಿ. ಈ ನೀರು ಇರೋಗಂಟ ಬಿಚ್ತೀನಿ ಕಣವ್ವ!"

"ಆಡಿದ ಮಾತು ಹಿಂದಕ್ಕೆ ಬರಲ್ಲ, ದ್ಯಾವಕ್ಕ."

"ಬರೋದು ಬ್ಯಾಡ."

ಅವಳು ಕಂಬಳಿ ಅಗಲಿಸಿದಳು. ನೆಂದ ಕಂಬಳಿ ತೋಳಿಗೆ ಅಂಟಿಕೊಂಡಿತು. ಬಿಡಿಸಲು ಹೋದಳು, ಬರಲಿಲ್ಲ. ಕರಿ ಉಣ್ಣೆಯ ಎಳೆ ಎಳೆಯೂ ಗರಿಯಾಯಿತು. ಕತ್ತು ನೀಳವಾಯಿತು, ಬೆರಳುಗಳ ನಡುವೆ ಚರ್ಮ ಬೆಳೆಯಿತು. ಹೊನ್ನಿ ಎಂದು ಕೂಗಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಬಂಡೆಯ ಮೇಲೆ ಯಾರೂ ಅದುವರೆಗೆ ನೋಡಿರದ ಒಂದು ಕಪ್ಪು ಹಕ್ಕಿ ರೆಕ್ಕೆ ಬಿಚ್ಚಿ ನಿಂತಿತ್ತು.

"ಹೂಂ," ಅಂದಿತು ಕೆರೆ.

ಅದೇ ಹೊತ್ತಿಗೆ ಊರೊಳಗಿಂದ ಹೊನ್ನಿಯ ಕೂಗು ಕೇಳಿಸಿತು. "ಒದೀತು! ಅವ್ವಾ, ಕೂಸು ಒದೀತು!"

ಜನ ನೀರಿಗೆ ಬಗ್ಗಿದರು. ಎಲ್ಲರ ಮುಖಗಳೂ ಸಾಲಾಗಿ ತಿರುಗಿ ಬಂದಿದ್ದವು. ನೀರಿನಲ್ಲಿ ಕಂಡ ಬಂಡೆಯ ಮೇಲೆ ಮಾತ್ರ ಹಕ್ಕಿ ಇರಲಿಲ್ಲ. ಅಲ್ಲಿ ದ್ಯಾವಕ್ಕ ಕಂಬಳಿ ಅಗಲಿಸಿಕೊಂಡು ನಿಂತಿದ್ದಳು. ಆಮೇಲೆ ಗಾಳಿ ಬೀಸಿ ನೀರು ಕದಡಿತು.

ಹೊನ್ನಿಗೆ ಹೆಣ್ಣು ಮಗು ಹುಟ್ಟಿತು. ಅದು ಕೂರುವಷ್ಟಾದಾಗ ಅವಳು ಕಂಕುಳಲ್ಲಿ ಎತ್ತಿಕೊಂಡು ಜೊಂಡು ಕೊಯ್ಯಲು ಕೆರೆಗೆ ಬಂದಳು. ಹಕ್ಕಿ ನೀರಿನಿಂದ ಎದ್ದು ಬಂಡೆ ಹತ್ತಿ ರೆಕ್ಕೆ ಅಗಲಿಸಿತು. ತನ್ನನ್ನೇ ಎತ್ತಿಕೊಳ್ಳಲು ಕರೆಯುತ್ತಿದೆ ಎಂದುಕೊಂಡು ಮಗು ನಕ್ಕು ಎರಡೂ ಕೈ ಚಾಚಿತು. ಹಕ್ಕಿ ಅಲ್ಲಾಡಲಿಲ್ಲ. ಹೊನ್ನಿ ಕಣ್ಣೊರೆಸಿಕೊಂಡಳು. ಜೊಂಡು ಕೊಯ್ದಿದ್ದಳಲ್ಲ, ಮಗುವನ್ನು ಕೆಳಗಿಳಿಸಿ ತಾನೂ ಆ ಹಕ್ಕಿಯ ಪಕ್ಕದಲ್ಲಿ ನಿಂತು ಕಂಬಳಿ ಬಿಚ್ಚಿದಳು.

ಬಾತುಕೋಳಿಯ ಮೈಮೇಲೆ ನೀರು ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ನೀರುಕಾಗೆಯ ರೆಕ್ಕೆ ಮಾತ್ರ ಕಂಬಳಿಯ ಹಾಗೆ ನೆನೆಯುತ್ತದೆ. ಒಣಗಿಸಿಕೊಳ್ಳುತ್ತಿದೆ ಅಂತ ದೊಡ್ಡವರು ಹೇಳುತ್ತಾರೆ, ಹೇಳಲಿ ಬಿಡಿ. ಅದು ಇವತ್ತಿಗೂ ಮುಳುಗಿ ಮೀನು ತಿಂದು ಬಂದ ಪ್ರತಿ ಸಲವೂ ಬಂಡೆಯ ಮೇಲೆ ನಿಂತು, ಎರಡೂ ರೆಕ್ಕೆ ಬಿಚ್ಚಿ, ಸದ್ದಿಲ್ಲದೆ ಕೆರೆಗೆ ತೋರಿಸುತ್ತದೆ: ಇಷ್ಟೇ ನೋಡವ್ವ.