ಮಹಡಿ ಮೆಟ್ಟಿಲಿನ ಜಗಳ

ಮಹಡಿ ಮೆಟ್ಟಿಲು ಯಾರದೆಂದು ಅಣ್ಣ ತಮ್ಮ ಹನ್ನೊಂದು ವರ್ಷ ಕೋರ್ಟು ಅಲೆದು, ಕೊನೆಗೆ ಮಧ್ಯಸ್ಥಿಕೆ ಕೇಂದ್ರಕ್ಕೆ ಬಂದರು. ಮೆಟ್ಟಿಲು ಇಬ್ಬರಿಗೂ ಸೇರಿದ್ದೆಂದು ಒಪ್ಪಿದರು. ಸಹಿ ಮಾತ್ರ ಹಾಕಲಿಲ್ಲ.

"ಮೊದಲು ಅವನು ತಪ್ಪೊಪ್ಪಿಕೊಳ್ಳಲಿ," ಎಂದರು ಅಣ್ಣ, ನಿವೃತ್ತ ಹೆಡ್‌ಮಾಸ್ತರ್ ಚನ್ನವೀರಯ್ಯ. ಪಕ್ಕದ ಕೋಣೆಯಲ್ಲಿ ತಮ್ಮನದೂ ಅದೇ ಹಟ.

ಎರಡು ಕೋಣೆಗಳ ನಡುವೆ ಓಡಾಡಿ ಮಧ್ಯಸ್ಥಿಕೆ ನಡೆಸುವ ಸುಮಿತ್ರಮ್ಮನ ಮಂಡಿ ಹಿಡಿದಿತ್ತು. ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟರು. "ಅವರ ಬಾಯಲ್ಲಿ ಏನು ಬರಬೇಕೋ ನೀವೇ ಬರೆಯಿರಿ. ಹೆಸರು ಬೇಡ."

ಇಬ್ಬರೂ ಬರೆದರು: "ತಪ್ಪು ನನ್ನದೇ."

ಸುಮಿತ್ರಮ್ಮ ಏನೂ ಹೇಳದೆ ಅಣ್ಣನ ಚೀಟಿ ತಮ್ಮನಿಗೆ, ತಮ್ಮನದು ಅಣ್ಣನಿಗೆ ಕೊಟ್ಟರು. ತಮ್ಮ ಓದಿ ಸಹಿ ಹಾಕಿದ. ತಮ್ಮನ ಅಕ್ಷರ ನೋಡಿ ಚನ್ನವೀರಯ್ಯನವರ ಕಣ್ಣು ಒದ್ದೆಯಾಯಿತು. ಅವರೂ ಹಾಕಿದರು. ಆಮೇಲೆ ತಲೆ ಎತ್ತಿದರು.

"ಅಲ್ಲಮ್ಮಾ, ನಾನೂ ಇದನ್ನೇ ಬರೆದಿದ್ನಲ್ಲಾ!"

"ಒಂದೇ ತಾಯಿ ಮಕ್ಕಳಲ್ವಾ ಸಾರ್," ಎಂದು ಸುಮಿತ್ರಮ್ಮ ಫೈಲು ಮುಚ್ಚಿದರು.